ನೀರಿಗಿಳಿಸುವ ಮುಂಚಿನ ಹತ್ತು ನಿಮಿಷ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ತಿರ ಬಂತು. ಇನ್ನು ಸ್ವಲ್ಪ ದಿನಕ್ಕೆ ಕೊಡಗಿನ ಹೊಳೆಗಳಲ್ಲಿ ನೀರು ಏರುತ್ತದೆ, ರಬ್ಬರ್ ದೋಣಿಯಲ್ಲಿ ರಭಸದ ನೀರಿನ ಮೇಲೆ ಹೋಗುವ ರ‍್ಯಾಫ್ಟಿಂಗ್ ಶುರುವಾಗುತ್ತದೆ, ಬೆಂಗಳೂರು, ಮೈಸೂರು, ಕಣ್ಣೂರು ಕಡೆಯಿಂದ ಜನ ಬರುತ್ತಾರೆ. ನಮ್ಮಂಥ ಹೋಂಸ್ಟೇಯವರಿಗೆ ಈಗಲೇ ಫೋನ್ ಬರೋಕೆ ಶುರುವಾಗಿದೆ. ರೂಮಿನ ರೇಟು ಕೇಳುವ ಮುಂಚೆಯೇ "ಆಂಟಿ, ರ‍್ಯಾಫ್ಟಿಂಗ್ ವ್ಯವಸ್ಥೆ ಮಾಡಿಕೊಡ್ತೀರಾ?" ಅಂತ ಕೇಳುತ್ತಾರೆ. ಹಾಗಾಗಿ ಈ ಪತ್ರ ಈಗಲೇ ಬರೆಯುತ್ತಿದ್ದೇನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಜನರನ್ನು ನೀರಿಗೆ ಇಳಿಸುವ ಮುಂಚೆ ಹತ್ತು ನಿಮಿಷ ಕೂರಿಸಬೇಕು. ಏನಾಗಬಹುದು, ಆದರೆ ಏನು ಮಾಡಬೇಕು ಅಂತ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಒಬ್ಬೊಬ್ಬರ ಲೈಫ್ ಜಾಕೆಟ್ಟನ್ನೂ ಎಳೆದು ನೋಡಬೇಕು, ತಲೆ ಎಣಿಸಬೇಕು, ಆಮೇಲೆ ಬೋಟ್ ಬಿಡಬೇಕು. ಇದು ಕೊಡಗಿನ ಎಲ್ಲ ಬೋಟ್ ಪಾಯಿಂಟ್‌ಗಳಲ್ಲೂ ಕಡ್ಡಾಯ ಆಗಬೇಕು. ಇದನ್ನು ಚೆನ್ನಾಗಿ ಮಾಡುವವರು ನಮ್ಮಲ್ಲೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲರೂ ಮಾಡುತ್ತಿಲ್ಲ.

ಈ ಮಾತು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಈ ಸಲ ಕಾಫಿ ಕುಯ್ಲು ಮುಗಿದು, ಹೂಮಳೆಯೂ ಬಂದು ತೋಟದಲ್ಲಿ ಸ್ವಲ್ಪ ಬಿಡುವು ಸಿಕ್ಕಾಗ, ಅಮೆರಿಕದಲ್ಲಿರುವ ನಮ್ಮ ಮಗಳು ನನ್ನನ್ನೂ ಯಜಮಾನರನ್ನೂ ಕೆರಿಬಿಯನ್ ಕ್ರೂಸ್‌ಗೆ ಕಳಿಸಿದಳು. ಫ್ಲೋರಿಡಾದಿಂದ ಹೊರಡುವ ದೊಡ್ಡ ಹಡಗು. ಒಂದೊಂದು ದಿನ ಒಂದೊಂದು ದ್ವೀಪದಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಇಳಿದು ಸುತ್ತಾಡಿ ಸಂಜೆಗೆ ವಾಪಸ್ ಹತ್ತಬೇಕು. ಹಡಗಿನ ಊಟ, ನಾಟಕ, ಡಾನ್ಸ್ ಎಲ್ಲ ಚೆನ್ನಾಗಿತ್ತು, ಅದರ ಬಗ್ಗೆ ಬರೆದರೆ ಬೇರೆ ಲೇಖನವೇ ಆಗುತ್ತದೆ. ನಾನು ಹೇಳಬೇಕಾಗಿರುವುದು ಬಾರ್ಬಡೋಸ್‌ನಲ್ಲಿ ನಾವಿಬ್ಬರೂ ಕಟಮರಾನ್ ದೋಣಿಯಲ್ಲಿ ಹೋಗಿ ಬಂದ ಒಂದು ದಿನದ ಬಗ್ಗೆ.

ಅದಕ್ಕೂ ಮುಂಚೆ ಹಡಗಿನದ್ದೇ ಒಂದು ವಿಷಯ. ಹತ್ತಿದ ದಿನ, ಹಡಗು ದಡ ಬಿಡುವ ಮೊದಲು, ಎಲ್ಲ ಪ್ರಯಾಣಿಕರೂ ಸುರಕ್ಷತೆಯ ಡ್ರಿಲ್ ಮುಗಿಸಲೇಬೇಕು. ಅಪಾಯದ ಸೈರನ್ ಹೇಗಿರುತ್ತದೆ, ಜಾಕೆಟ್ ಹೇಗೆ ಹಾಕಬೇಕು, ನಿಮ್ಮ ರೂಮಿನವರು ಯಾವ ಜಾಗಕ್ಕೆ ಬಂದು ಸೇರಬೇಕು ಅಂತ ತೋರಿಸುತ್ತಾರೆ. ಆ ಜಾಗಕ್ಕೆ ಹೋಗಿ ಕಾರ್ಡ್ ತೋರಿಸದಿದ್ದರೆ ಹುಡುಕಿಕೊಂಡು ಬರುತ್ತಾರೆ. ಮೊದಲು ಇದು ಇಷ್ಟು ಬಿಗಿ ಇರಲಿಲ್ಲವಂತೆ, ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರ ಜನವರಿ 13ರಂದು ಕೋಸ್ಟಾ ಕಾನ್ಕಾರ್ಡಿಯಾ ಅನ್ನುವ ಹಡಗು ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಬಂಡೆಗೆ ಬಡಿದು ವಾಲಿತು. 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲೇ ಇಲ್ಲ. ಅದಾದ ಮೇಲೆ ನಿಯಮ ಬದಲಾಯಿತು, ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು ಅಂತ. 2015ರಿಂದ ಇದು ಇಡೀ ಪ್ರಪಂಚಕ್ಕೇ ಅನ್ವಯ.

ಈಗ ಬಾರ್ಬಡೋಸ್‌ಗೆ ಬರುತ್ತೇನೆ. ನಮ್ಮ ಜಿಲ್ಲೆ ಹತ್ತಿರ ಹತ್ತಿರ 4,100 ಚದರ ಕಿಲೋಮೀಟರ್ ಇದೆ, ಆ ದೇಶ 430 ಅಷ್ಟೇ. ಕೊಡಗಿನ ಹತ್ತನೇ ಒಂದು ಭಾಗ! ಸರ್ ಗ್ಯಾರಿ ಸೋಬರ್ಸ್, ಮಾಲ್ಕಮ್ ಮಾರ್ಷಲ್ ಹುಟ್ಟಿದ ಊರು. 2024ರ ಜೂನ್ 29ರಂದು ನಮ್ಮವರು ಟಿ20 ವಿಶ್ವಕಪ್ ಗೆದ್ದದ್ದು ಅಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲೇ, ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ. ಬಂದರಿನಿಂದ ಸ್ಟೇಡಿಯಂ ದೂರವೇನಿಲ್ಲ. ಯಜಮಾನರು ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೇ ಮುಂದೆ ಬಂದದ್ದು.

ಕೊಡಗಿನವರು ಯಾರಾದರೂ ಅಲ್ಲಿಗೆ ಹೋಗುವುದಿದ್ದರೆ ಒಂದು ಮಾತು ನೆನಪಿಡಿ. ನಮ್ಮಲ್ಲಿ ಮನೆಮನೆಯಲ್ಲೂ ಮಿಲಿಟರಿಯವರು, ಮಿಲಿಟರಿ ಬಣ್ಣದ ಟೋಪಿ, ಪ್ಯಾಂಟು, ಬ್ಯಾಗು ಇಲ್ಲದ ಮನೆ ಕಡಿಮೆ. ಬಾರ್ಬಡೋಸ್‌ನಲ್ಲಿ ಆ ಹಸಿರು ಚುಕ್ಕೆಯ ಬಟ್ಟೆಯನ್ನು ಸಾಮಾನ್ಯ ಜನ ಹಾಕುವುದು ಕಾನೂನಿಗೆ ವಿರುದ್ಧ, ಚಿಕ್ಕ ಮಕ್ಕಳೂ ಹಾಕುವ ಹಾಗಿಲ್ಲ. ಸೈನ್ಯದಲ್ಲಿದ್ದು ನಿವೃತ್ತರಾದ ನಮ್ಮ ಯಜಮಾನರಿಗೆ ಮಗಳು ಮೊದಲೇ ಹೇಳಿದ್ದಳು, ಹಾಗಾಗಿ ಅವರ ಇಷ್ಟದ ಟೋಪಿ ಮನೆಯಲ್ಲೇ ಉಳಿಯಿತು.

ಕಟಮರಾನ್ ಅಂದರೆ ಎರಡು ಉದ್ದನೆಯ ದೋಣಿಗಳನ್ನು ಪಕ್ಕಪಕ್ಕ ಇಟ್ಟು ಮೇಲೆ ಅಗಲವಾದ ಅಟ್ಟ ಹಾಕಿದ ಹಾಗೆ ಇರುತ್ತದೆ. ಅಗಲ ಜಾಸ್ತಿ ಇರುವುದರಿಂದ ಅಷ್ಟು ಸುಲಭವಾಗಿ ವಾಲುವುದಿಲ್ಲ, ವಯಸ್ಸಾದವರಿಗೂ ಕೂರಲು ಅನುಕೂಲ. ಮುಂಭಾಗದಲ್ಲಿ ಎರಡು ದೋಣಿಗಳ ನಡುವೆ ಬಲೆ ಕಟ್ಟಿರುತ್ತಾರೆ. ಅದರ ಮೇಲೆ ಮಲಗಿದರೆ ಕೆಳಗೆ ನೀರು ಓಡುವುದು ಕಾಣುತ್ತದೆ, ಒಂದೊಂದು ಅಲೆಗೆ ಬೆನ್ನು ಒದ್ದೆಯಾಗುತ್ತದೆ. ಹತ್ತುವಾಗಲೇ ಎಲ್ಲರ ಚಪ್ಪಲಿ ಬಿಚ್ಚಿಸಿ ಬುಟ್ಟಿಗೆ ಹಾಕಿಸಿದರು. ಆಮೇಲೆ ಒಂದು ಫಾರಂ ಕೊಟ್ಟರು. ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಉಬ್ಬಸ ಇದೆಯಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ ಅಂತ. ನಮ್ಮ ಮನೆಯಲ್ಲಿ ಎಲ್ಲರಿಗೂ ಬಿಪಿ. ಅದನ್ನು ಬರೆದುಕೊಟ್ಟೆವು. ಬರೆದದ್ದಕ್ಕೆ ಯಾರೂ ನಮ್ಮನ್ನು ವಾಪಸ್ ಕಳಿಸಲಿಲ್ಲ, ಬದಲಿಗೆ ದೋಣಿಯ ಹುಡುಗನೊಬ್ಬ ಬಂದು ಪಕ್ಕದಲ್ಲೇ ಕೂತು, ಮಾತ್ರೆ ತಗೊಂಡಿದ್ದೀರಾ, ನೀರಲ್ಲಿ ಸುಸ್ತು ಅನ್ನಿಸಿದರೆ ಕೈ ಎತ್ತಿ, ನಾಚಿಕೊಳ್ಳಬೇಡಿ ಅಂತ ನಿಧಾನವಾಗಿ ಹೇಳಿದ.

ಇನ್ನು ಆ ಹತ್ತು ನಿಮಿಷ. ದೋಣಿ ನಿಂತಿತು, ಸಂಗೀತ ನಿಲ್ಲಿಸಿದರು. ಎಲ್ಲರೂ ಕೂರಬೇಕು, ಫೋನ್ ಕೆಳಗಿಡಬೇಕು. ಈಜು ಬಾರದವರು ಕೈ ಎತ್ತಿ ಅಂದರು. ನಾನು ಎತ್ತಿದೆ. ಹೊಳೆಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಿರಲಿಲ್ಲ, ನಿಮ್ಮ ಓದುಗರಲ್ಲಿ ತುಂಬಾ ಜನರಿಗೆ ಇದು ಗೊತ್ತಿರುತ್ತದೆ. ಕೈ ಎತ್ತಿದವರಿಗೆಲ್ಲ ಬೇರೆ ಬಣ್ಣದ ಜಾಕೆಟ್. ನೀರಿನಲ್ಲಿರುವ ಸಿಬ್ಬಂದಿಗೆ ಯಾರ ಮೇಲೆ ಜಾಸ್ತಿ ಕಣ್ಣಿಡಬೇಕು ಅಂತ ದೂರದಿಂದಲೇ ಗೊತ್ತಾಗಲಿ ಅಂತ. ಇದಕ್ಕೆ ಖರ್ಚು ಏನೂ ಇಲ್ಲ, ಅಲ್ವಾ?

ಜಾಕೆಟ್ ಹಾಕಿಕೊಂಡ ಮೇಲೆ ಆ ಹುಡುಗ ನನ್ನ ಎರಡೂ ಭುಜದ ಪಟ್ಟಿಗೆ ಕೈ ಹಾಕಿ ಜೋರಾಗಿ ಮೇಲಕ್ಕೆ ಎಳೆದ. ಜಾಕೆಟ್ ಗಲ್ಲದ ತನಕ ಬಂತು. "ಇದು ಸಾಲದು" ಅಂತ ಪಕ್ಕದ ಬೆಲ್ಟ್ ಬಿಗಿ ಮಾಡಿ ಮತ್ತೆ ಎಳೆದ. ಈ ಸಲ ಅಲ್ಲಾಡಲಿಲ್ಲ. ಸಡಿಲ ಜಾಕೆಟ್ ನೀರಿಗೆ ಬಿದ್ದ ತಕ್ಷಣ ಮೇಲೆ ತೇಲುತ್ತದೆ, ಮನುಷ್ಯ ಅದರೊಳಗಿಂದ ಕೆಳಗೆ ಜಾರುತ್ತಾನೆ, ಮುಖವೇ ಜಾಕೆಟ್ಟಿನೊಳಗೆ ಹೋಗಿಬಿಡುತ್ತದೆ. ಹಾಕಿದ್ದರೂ ಹಾಕದ ಹಾಗೆ. ಚಿಕ್ಕ ಮಕ್ಕಳ ಜಾಕೆಟ್ಟಿಗೆ ಕಾಲಿನ ಸಂದಿಯಿಂದ ಬರುವ ಪಟ್ಟಿ ಇತ್ತು, ಅದನ್ನು ಹಾಕದೆ ಒಂದು ಮಗುವನ್ನೂ ಬಿಡಲಿಲ್ಲ. ನನ್ನ ದುಪಟ್ಟಾ ತೆಗೆದಿಡಿಸಿದರು, ಯಾರದ್ದೋ ಕುತ್ತಿಗೆಯ ಕ್ಯಾಮೆರಾ ಪಟ್ಟಿಯನ್ನೂ ತೆಗೆಸಿದರು. ಎಲ್ಲಾದರೂ ಸಿಕ್ಕಿಕೊಂಡರೆ ಕಷ್ಟ ಅಂತ.

ಆಮೇಲೆ ಮೆಟ್ಟಿಲಿನಿಂದ ಒಬ್ಬೊಬ್ಬರಾಗಿ ಇಳಿಸಿದರು. ಕಾರ್ಲೈಲ್ ಕೊಲ್ಲಿ ಅಂತ ಆ ಜಾಗ, ರಾಜಧಾನಿ ಬ್ರಿಜ್‌ಟೌನ್ ಪಕ್ಕದಲ್ಲೇ. ಅಲ್ಲಿ ಹಳೆಯ ಹಡಗುಗಳು ಮುಳುಗಿ ಮಲಗಿವೆ, ಕೆಲವು ತೀರಾ ಆಳದಲ್ಲೇನಿಲ್ಲ. ಬರ್ವಿನ್ ಅನ್ನುವುದು 1919ರಲ್ಲಿ ಮುಳುಗಿದ್ದಂತೆ. ಈಜುವವರ ಕನ್ನಡಕ ಹಾಕಿ ಮುಖ ನೀರಿಗಿಟ್ಟರೆ ಕೆಳಗೆ ಕಬ್ಬಿಣದ ಪಕ್ಕೆಗಳ ಮೇಲೆ ಹವಳ ಬೆಳೆದಿರುವುದು, ಹಳದಿ ಪಟ್ಟೆಯ ಮೀನುಗಳು ಒಳಗೆ ಹೋಗಿ ಹೊರಗೆ ಬರುವುದು ಎಲ್ಲ ಕಾಣಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳಲು ಒಂದು ಕೊಳವೆ ಕೊಡುತ್ತಾರೆ, ಮೊದಲು ನನಗೆ ಅದರಲ್ಲಿ ಉಸಿರಾಡಲು ಬರಲಿಲ್ಲ, ಎದೆ ಡವಡವ ಅಂತಿತ್ತು. ಆ ಹುಡುಗ ತೇಲುವ ಬಳೆ ಕೊಟ್ಟು, ಅದನ್ನು ಹಿಡಿದುಕೊಂಡು ಸುಮ್ನೆ ಮುಖ ಮಾತ್ರ ಇಡಿ ಅಂದ. ಆಗ ಬಂತು ಒಂದು ಆಮೆ. ನಮ್ಮ ಮನೆ ಕಾಫಿ ಒಣಗಿಸುವ ತಟ್ಟೆಯಷ್ಟು ಅಗಲ, ಅವಸರವೇ ಇಲ್ಲದೆ ರೆಕ್ಕೆ ಬೀಸಿದ ಹಾಗೆ ಕೈ ಬೀಸುತ್ತಾ ನನ್ನ ಕಾಲ ಕೆಳಗೇ ಹೋಯಿತು. ಯಜಮಾನರು ನನ್ನ ಕೈ ಹಿಡಿದುಕೊಂಡಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಹಾಗೆ ನೀರಿನಲ್ಲಿ ತೇಲಿದ್ದು ಅದೇ ಮೊದಲು. ಹೆದರಿಕೆ ಹೋಗಿದ್ದರಿಂದಲೇ ಆ ಸಂತೋಷ ಸಿಕ್ಕಿದ್ದು. ಹೆದರಿಕೆ ಹೋಗಿದ್ದು ಆ ಹತ್ತು ನಿಮಿಷದಿಂದ. ಸುರಕ್ಷತೆ ಅಂದರೆ ಮಜಾ ಹಾಳು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆಮೆಯನ್ನು ಮುಟ್ಟಬೇಡಿ, ಹವಳದ ಮೇಲೆ ಕಾಲಿಡಬೇಡಿ ಅಂತಲೂ ಮೊದಲೇ ಹೇಳಿದ್ದರು. ಹೇಳಿದ್ದನ್ನು ಜನ ಕೇಳಿದರು. ಒಬ್ಬ ಯುವಕ ಆಮೆಯ ಹಿಂದೆ ಹೋಗಲು ನೋಡಿದಾಗ ಶಿಳ್ಳೆ ಹೊಡೆದು ವಾಪಸ್ ಕರೆಸಿದರು, ದುಡ್ಡು ಕೊಟ್ಟು ಬಂದ ಗಿರಾಕಿ ಅಂತ ಹಿಂಜರಿಯಲಿಲ್ಲ.

ನೀರಿನಿಂದ ಎಲ್ಲರೂ ಮೇಲೆ ಬಂದರು. ತಲೆ ಎಣಿಸಿದರು. ಬೇರೆ ಇನ್ನೊಬ್ಬರು ಮತ್ತೆ ಎಣಿಸಿದರು. ಎರಡೂ ಲೆಕ್ಕ ತಾಳೆಯಾದ ಮೇಲೆಯೇ ಲಂಗರು ಎತ್ತಿದ್ದು. ಇನ್ನೊಂದು ಮುಖ್ಯ ವಿಷಯ. ಬಾರ್ಬಡೋಸ್ ರಮ್‌ಗೆ ಹೆಸರಾದ ದೇಶ, ಅಲ್ಲಿ 1703ರಿಂದ ರಮ್ ಮಾಡುತ್ತಿರುವ ಕಾರ್ಖಾನೆಯೇ ಇದೆ. ದೋಣಿಯಲ್ಲೂ ರಮ್ ಪಂಚ್ ಟಿಕೆಟ್ಟಿನಲ್ಲೇ ಸೇರಿತ್ತು. ಆದರೆ ಈಜುವುದೆಲ್ಲ ಮುಗಿದು ಎಲ್ಲರೂ ಮೇಲೆ ಬರುವ ತನಕ ಒಂದು ಗ್ಲಾಸ್ ಕೂಡ ಯಾರಿಗೂ ಕೊಡಲಿಲ್ಲ. ಕೇಳಿದವರಿಗೆ ನಗುತ್ತಲೇ "ಆಮೇಲೆ" ಅಂದರು.

ಆಮೇಲೆ ದೋಣಿ ಪಶ್ಚಿಮದ ದಡದ ಬೀಚ್‌ಗೆ ಹೋಯಿತು. ಮರಳು ಬೆಳ್ಳಗೆ, ನೀರು ಸೊಂಟದ ತನಕ, ಮೆಟ್ಟಿಲಿಳಿದು ನಡೆದುಕೊಂಡೇ ದಡ ಸೇರಬೇಕು. ಆ ದೇಶದಲ್ಲಿ ಬೀಚ್‌ಗಳೆಲ್ಲ ಸಾರ್ವಜನಿಕ. ದೊಡ್ಡ ಹೋಟೆಲಿನ ಮುಂದೆಯೂ ಊರಿನ ಮಕ್ಕಳು ಕ್ರಿಕೆಟ್ ಆಡುತ್ತಾರೆ, ಅಜ್ಜಿಯರು ಬಂದು ಸಮುದ್ರ ಸ್ನಾನ ಮಾಡುತ್ತಾರೆ. ನನಗೆ ಅದು ತುಂಬಾ ಹಿಡಿಸಿತು. ದಡದಲ್ಲಿ ಕೆಲವು ಮರಗಳಿಗೆ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು. ಮ್ಯಾಂಚಿನೀಲ್ ಅಂತ ಮರ, ಹಣ್ಣು ಸಣ್ಣ ಸೇಬಿನ ಹಾಗೆ ಕಾಣುತ್ತದೆ, ಆದರೆ ಭಾರೀ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆ ಏಳುತ್ತದೆ. ನೆರಳು ಸಿಕ್ಕಿತು ಅಂತ ಹೋಗಿ ಕೂತುಬಿಡಬೇಡಿ ಅಂತ ದೋಣಿಯಿಂದ ಇಳಿಯುವ ಮೊದಲೇ ಕೈ ತೋರಿಸಿ ಹೇಳಿದ್ದರು. ಪ್ರವಾಸಿಗೆ ಆ ಮರದ ಪರಿಚಯ ಇರುವುದಿಲ್ಲ, ಸ್ಥಳೀಯನಿಗೆ ಇರುತ್ತದೆ, ಹಾಗಾಗಿ ಹೇಳುವ ಜವಾಬ್ದಾರಿ ಸ್ಥಳೀಯನದ್ದು. ದ್ವೀಪದ ಪೂರ್ವ ದಡದಲ್ಲಿ ಅಟ್ಲಾಂಟಿಕ್ ಸಮುದ್ರ ಭೋರ್ಗರೆಯುತ್ತದೆ, ಬಾತ್‌ಶೀಬಾ ಅಂತ ನೋಡಲು ತುಂಬಾ ಚೆಂದದ ಜಾಗವಿದೆ, ಆದರೆ ಅಲ್ಲಿ ಈಜಬೇಡಿ ಅಂತಲೇ ಎಲ್ಲರೂ ಹೇಳುತ್ತಾರೆ. ಎಲ್ಲಿ ಇಳಿಯಬಹುದು, ಎಲ್ಲಿ ನೋಡಿ ಬರಬೇಕು ಅಷ್ಟೇ ಅನ್ನುವುದನ್ನು ಆ ಊರಿನವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಈಗ ನಮ್ಮ ಊರಿನ ವಿಷಯ. ಹೋದ ಮಳೆಗಾಲದಲ್ಲಿ ನಮ್ಮ ಹೋಂಸ್ಟೇಗೆ ಬೆಂಗಳೂರಿನಿಂದ ಒಂದು ಕುಟುಂಬ ಬಂದಿತ್ತು, ಜೊತೆಗೆ ಪ್ರೈಮರಿ ಶಾಲೆಗೆ ಹೋಗುವ ಹುಡುಗಿ. ಅವರೇ ಎಲ್ಲೋ ವಿಚಾರಿಸಿ ರ‍್ಯಾಫ್ಟಿಂಗ್‌ಗೆ ಹೋದರು. ಯಾವ ಜಾಗ, ಯಾರು ನಡೆಸುವವರು ಅನ್ನುವುದು ಇಲ್ಲಿ ಬೇಡ. ವಾಪಸ್ ಬಂದಾಗ ಆ ತಾಯಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಮಗುವಿಗೆ ದೊಡ್ಡವರ ಜಾಕೆಟ್ ಹಾಕಿದ್ದರಂತೆ, ಒಂದು ಬಕಲ್ ಮುರಿದಿದ್ದಕ್ಕೆ ಹಗ್ಗ ಕಟ್ಟಿದ್ದರಂತೆ. ರ‍್ಯಾಫ್ಟ್ ಒಂದು ಕಡೆ ಬಂಡೆಗೆ ತಾಗಿ ಮಗು ಕೆಳಗೆ ಬಿತ್ತು, ಜಾಕೆಟ್ ಕಿವಿಯ ಮೇಲಕ್ಕೆ ಹೋಯಿತು. ತಂದೆ ಕೂದಲಿಗೇ ಕೈ ಹಾಕಿ ಎಳೆದುಕೊಂಡರಂತೆ. ಮಗು ಉಳಿಯಿತು, ದೇವರು ದೊಡ್ಡವನು. ಆ ರಾತ್ರಿ ಅವರು ಊಟ ಮಾಡಲಿಲ್ಲ. "ನಮಗೆ ಹೊರಡುವ ಮುಂಚೆ ಯಾರೂ ಏನೂ ಹೇಳಲಿಲ್ಲ ಆಂಟಿ, ಹಿಂದಿನ ಬ್ಯಾಚ್ ಕಾಯ್ತಿದೆ ಬೇಗ ಹತ್ತಿ ಅಂದ್ರು" ಅಂತ ಆಕೆ ಹೇಳಿದ ಮಾತು ನನಗೆ ಬಾರ್ಬಡೋಸ್‌ನ ಆ ದೋಣಿಯಲ್ಲಿ ಕೂತಾಗಲೂ ನೆನಪಾಯಿತು.

ಹಾಗೆ ನೋಡಿದರೆ ಆ ಕೊಲ್ಲಿಯ ನೀರಿಗಿಂತ ನಮ್ಮ ಹೊಳೆಯ ನೀರಿಗೇ ಜಾಸ್ತಿ ಎಚ್ಚರ ಬೇಕು. ಅಲ್ಲಿ ನೀರು ತಿಳಿ, ತಳ ಕಾಣುತ್ತದೆ, ಹರಿವು ಕಡಿಮೆ. ಇಲ್ಲಿ ಜುಲೈ ತಿಂಗಳಲ್ಲಿ ನೀರು ಕೆಂಪಗೆ, ಕೆಳಗೆ ಬಂಡೆ ಎಲ್ಲಿದೆ, ಮರದ ಬೇರು ಎಲ್ಲಿದೆ ಏನೂ ಗೊತ್ತಾಗುವುದಿಲ್ಲ. ಭಾಗಮಂಡಲದ ಕಡೆ ಜೋರು ಮಳೆ ಬಿದ್ದರೆ ಕೆಳಗೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ದಕ್ಷಿಣ ಕೊಡಗಿನ ಬರಪೊಳೆ ಅನ್ನುವ ಹೊಳೆಯಲ್ಲಿ ರ‍್ಯಾಫ್ಟಿಂಗ್ ನಡೆಯುವುದೇ ಮಳೆಗಾಲದ ನೀರಿನ ರಭಸದಿಂದ. ಇದೆಲ್ಲ ನಮಗೆ ಗೊತ್ತು, ಬೆಂಗಳೂರಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು?

ರ‍್ಯಾಫ್ಟಿನಿಂದ ಬಿದ್ದರೆ ಮನುಷ್ಯ ಮೊದಲು ಮಾಡುವುದೇ ಎದ್ದು ನಿಲ್ಲಲು ನೋಡುವುದು. ಹರಿಯುವ ನೀರಿನಲ್ಲಿ ಅದೇ ದೊಡ್ಡ ಅಪಾಯ. ಕಾಲು ಎರಡು ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ನೀರು ಹಿಂದಿನಿಂದ ತಳ್ಳಿ ಮುಖ ಕೆಳಗೆ ಮಾಡಿಬಿಡುತ್ತದೆ, ನೀರು ಸೊಂಟದಷ್ಟೇ ಇದ್ದರೂ ಉಸಿರು ಕಟ್ಟುತ್ತದೆ. ಬಿದ್ದವರು ಅಂಗಾತ ಮಲಗಬೇಕು, ಕಾಲು ಹರಿವಿನ ಕಡೆಗೆ ಮುಂದೆ ಇರಬೇಕು, ಪಾದ ನೀರಿನ ಮೇಲೆ ಕಾಣಬೇಕು, ಕೈಯಿಂದ ದಡದ ಕಡೆ ತಳ್ಳಿಕೊಳ್ಳಬೇಕು, ಹಗ್ಗ ಎಸೆದರೆ ಹಗ್ಗ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು ಹೇಳಿ? ದಡದ ಮೇಲೆ ಒಂದು ಸಲ ಮಲಗಿಸಿ ತೋರಿಸಿದರೆ ಮಕ್ಕಳಿಗೂ ಗೊತ್ತಾಗುತ್ತದೆ.

ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಪಂಚಾಯಿತಿಯವರು ಮಳೆಗಾಲಕ್ಕೆ ಮುಂಚೆ ಒಂದು ಸಲ ಎಲ್ಲ ಬೋಟ್‌ನವರನ್ನೂ, ಗೈಡ್ ಹುಡುಗರನ್ನೂ ಕೂರಿಸಿ ಮಾತಾಡಲಿ. ಮುರಿದ ಬಕಲ್ಲಿನ ಜಾಕೆಟ್ಟುಗಳನ್ನು ಅಲ್ಲೇ ಬದಿಗೆ ಹಾಕಿಸಲಿ, ಮಕ್ಕಳ ಅಳತೆಯವು ಇಲ್ಲದಿದ್ದರೆ ಮಕ್ಕಳನ್ನು ಹತ್ತಿಸಬಾರದು ಅಂತ ಹೇಳಲಿ. ಕನ್ನಡ, ಮಲಯಾಳಂ, ಹಿಂದಿ, ಇಂಗ್ಲಿಷ್‌ನಲ್ಲಿ ಬೋರ್ಡ್ ಹಾಕಿ, ಜೊತೆಗೆ ಬಾಯಲ್ಲೂ ಹೇಳಬೇಕು, ಬೋರ್ಡನ್ನು ಯಾರೂ ನಿಂತು ಓದುವುದಿಲ್ಲ. ಹೊಳೆ ಇಷ್ಟು ಏರಿದರೆ ಬೋಟ್ ಬಿಡುವುದಿಲ್ಲ ಅಂತ ಒಂದು ಕಲ್ಲಿಗೆ ಕೆಂಪು ಗುರುತು ಹಾಕಲಿ, ಎಲ್ಲರಿಗೂ ಕಾಣುವ ಹಾಗೆ. ಗೈಡ್ ಹುಡುಗರ ಬಗ್ಗೆಯೂ ಒಂದು ಮಾತು. ಆ ಮಕ್ಕಳಿಗೆ ಹೊಳೆ ಅಂಗೈಯಷ್ಟು ಪರಿಚಯ, ಎಷ್ಟೋ ಜೀವ ಉಳಿಸಿದ್ದಾರೆ. ದಿನಕ್ಕೆ ಎಷ್ಟು ಟ್ರಿಪ್ ಹೊಡೆದರು ಅನ್ನುವುದರ ಮೇಲೆ ಸಂಬಳ ನಿಂತಿದ್ದರೆ ಅವರಾದರೂ ಹತ್ತು ನಿಮಿಷ ನಿಂತು ಮಾತಾಡುವುದು ಹೇಗೆ? ಅವರಿಗೆ ತಿಂಗಳ ಸಂಬಳ, ವಿಮೆ, ಪ್ರತಿ ವರ್ಷ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಬೇಕು. ಟಿಕೆಟ್ ಸ್ವಲ್ಪ ಜಾಸ್ತಿ ಆದರೂ ಆಗಲಿ.

ಇನ್ನು ಕುಡಿದು ಬರುವವರದ್ದು. ಬೆಳಿಗ್ಗೆಯೇ ಹಾಕಿಕೊಂಡು ಹೊಳೆಗೆ ಬರುವ ಗುಂಪುಗಳನ್ನು ನಾವೆಲ್ಲ ನೋಡಿದ್ದೇವೆ. ಅವರನ್ನು ಹತ್ತಿಸಿಕೊಳ್ಳಬೇಡಿ. ದುಡ್ಡು ವಾಪಸ್ ಕೊಟ್ಟು ಕಳಿಸಿ. ಒಂದು ಪಾಯಿಂಟ್‌ನವರು ಕಳಿಸಿದರೆ ಪಕ್ಕದವರು ಕರೆದು ಹತ್ತಿಸಿಕೊಳ್ಳುವುದು ನಿಲ್ಲಬೇಕು, ಇದು ಎಲ್ಲರೂ ಸೇರಿ ಮಾಡಿದರೆ ಮಾತ್ರ ಆಗುವ ಕೆಲಸ.

ಹೋಂಸ್ಟೇ ನಡೆಸುವ ನಮ್ಮವರಿಗೂ ಒಂದು ಕೋರಿಕೆ. ನಾವು ಫೋನ್ ಮಾಡಿ ಕಳಿಸಿದ ಕಡೆಗೇ ಅತಿಥಿಗಳು ಹೋಗುತ್ತಾರೆ. ಕಮಿಷನ್ ಎಷ್ಟು ಅಂತ ಕೇಳುವ ಮುಂಚೆ ಅವರ ಜಾಕೆಟ್ಟುಗಳನ್ನು ಒಂದು ಸಲ ಹೋಗಿ ನೋಡಿ ಬನ್ನಿ. ಹೊರಡುವ ಮುಂಚೆ ಏನು ಹೇಳುತ್ತಾರೆ ಅಂತ ನಿಂತು ಕೇಳಿ. ನಾವು ನಮ್ಮ ಮನೆಯಲ್ಲಿ ಈ ವರ್ಷದಿಂದ ಹಾಗೆ ಮಾಡಲು ಶುರು ಮಾಡಿದ್ದೇವೆ. ಮಕ್ಕಳ ಜಾಕೆಟ್ ಎರಡು ತಂದು ಮನೆಯಲ್ಲೇ ಇಟ್ಟಿದ್ದೇವೆ, ಹೋಗುವವರಿಗೆ ಕೊಟ್ಟು ಕಳಿಸುತ್ತೇವೆ. ಬಿಪಿ, ಹೃದಯದ ತೊಂದರೆ ಇರುವವರನ್ನು ಯಜಮಾನರೇ ಕೂರಿಸಿಕೊಂಡು ವಿಚಾರಿಸುತ್ತಾರೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ತಮ್ಮ ಪತ್ರಿಕೆಯಲ್ಲಿ ಮಳೆಗಾಲದ ಪ್ರವಾಸದ ಬಗ್ಗೆ ಪ್ರತಿ ವರ್ಷ ಪುಟಗಟ್ಟಲೆ ಬರುತ್ತದೆ, ಅಬ್ಬಿ ಜಲಪಾತ, ಮಾಂದಲಪಟ್ಟಿ, ದುಬಾರೆ ಎಲ್ಲದರ ಚೆಂದದ ಫೋಟೋ ಇರುತ್ತದೆ. ಈ ಸಲ ಆ ಪುಟದಲ್ಲಿ ಒಂದು ಮೂಲೆಯಲ್ಲಾದರೂ, ಜಾಕೆಟ್ ಹೇಗೆ ಎಳೆದು ನೋಡಬೇಕು, ನೀರಿಗೆ ಬಿದ್ದರೆ ಹೇಗೆ ಮಲಗಬೇಕು ಅನ್ನುವುದನ್ನು ಚಿತ್ರ ಸಮೇತ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಜೂನ್ ಮೊದಲ ವಾರದೊಳಗೆ ಹಾಕಿದರೆ ತುಂಬಾ ಉಪಕಾರ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಕುಶಾಲನಗರ ತಾಲ್ಲೂಕು, ಕೊಡಗು